ಮಾವನವರ ಲ್ಯಾಪ್‌ಟಾಪ್ ಕಣ್ಣು ಬಿಡಲಿಲ್ಲ

ಹೋದ ಸಲ ಮಿಕ್ಸಿ ಜಾರಿನ ಬ್ಲೇಡು ಕಚ್ಚಿಕೊಂಡ ಕತೆ ಬರೆದಿದ್ದೆನಲ್ಲ, ಅದನ್ನು ಓದಿ ಕೆಲವರು "ಇಷ್ಟೆಲ್ಲ ಬಿಚ್ಚಿ ನೋಡೋಕೆ ನಿಮಗೆ ಭಯ ಆಗಲ್ವಾ?" ಅಂತ ಕೇಳಿದ್ದಿರಿ. ಆಗುತ್ತೆ, ಯಾಕಾಗಲ್ಲ. ಆದರೆ ಮಿಕ್ಸಿ ಹಾಳಾದರೆ ಒರಳುಕಲ್ಲಾದರೂ ಇದೆ. ಈ ಸಲದ್ದು ಹಾಗಲ್ಲ. ಈ ಸಲ ನಿಜಕ್ಕೂ ಕೈ ನಡುಗಿತ್ತು.

ಮೇ ತಿಂಗಳ ಒಂದು ಸಂಜೆ. ಸಾಗರದ ಕಡೆಯವರಿಗೆ ಹೇಳಬೇಕಾಗಿಲ್ಲ, ಮಳೆಗಾಲ ಶುರುವಾಗೋಕೆ ಮುಂಚಿನ ಗುಡುಗು ಅಂದರೆ ಮನೆ ಹೆಂಚೆಲ್ಲ ಅದುರುತ್ತೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಟಿವಿ ಪಿನ್ ಕಿತ್ತೆವು, ಫ್ರಿಜ್ಜಿಂದೂ ಕಿತ್ತೆವು. ಮಾವನವರ ಕೋಣೆಯಲ್ಲಿ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದು ಯಾರಿಗೂ ನೆನಪಾಗಲಿಲ್ಲ.

ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಮಾವ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಮಗಾ, ಅದಕ್ಕೆ ಎಂತ ಆಗಿದೆ ನೋಡು. ಗುಂಡಿ ಒತ್ತಿದರೆ ಏನೂ ಬರ್ತಿಲ್ಲ."

ಸ್ವಲ್ಪ ಹಿನ್ನೆಲೆ ಹೇಳಬೇಕು. ನಮ್ಮ ಮಾವನವರು ನಿವೃತ್ತ ಹೈಸ್ಕೂಲು ಮೇಷ್ಟ್ರು, 80 ದಾಟಿದೆ. ಅವರ ಮೂಲ ಊರು ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಮನೆಯವರೆಲ್ಲ ಗಾಡಿ ಮೇಲೆ ಸಾಮಾನು ಹೇರಿಕೊಂಡು ಊರು ಬಿಟ್ಟವರು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತಲ್ಲ, ಆವಾಗೆಲ್ಲ ಮಾವ ಎರಡು ದಿನ ಮಾತೇ ಆಡುವುದಿಲ್ಲ. ಐದು ವರ್ಷದಿಂದ ಆ ಊರಿನ ಕತೆ ಬರೆಯುತ್ತಿದ್ದಾರೆ. ಯಾರ ಮನೆ ಎಲ್ಲಿತ್ತು, ಯಾವ ಗದ್ದೆಗೆ ಏನು ಹೆಸರು, ಯಾರು ಯಾವ ಕಡೆ ಹೋಗಿ ನೆಲೆಸಿದರು, ಎಲ್ಲ. ಕೈ ನಡುಗುವುದರಿಂದ ಪೆನ್ನು ಹಿಡಿಯೋಕೆ ಆಗಲ್ಲ, ಹಾಗಾಗಿ ನೇರ ಲ್ಯಾಪ್‌ಟಾಪಿನಲ್ಲೇ ಎರಡು ಬೆರಳಲ್ಲಿ ಕುಟ್ಟೋದು. 140 ಪುಟ ಆಗಿತ್ತು.

"ಪೆನ್‌ಡ್ರೈವಲ್ಲಿ ಇನ್ನೊಂದು ಕಾಪಿ ಇದೆಯಲ್ಲ ಮಾವ?" ಅಂದೆ.

"ಇತ್ತು. ಮಕ್ಕಳು ಕಾರಲ್ಲಿ ಹಾಡು ಕೇಳೋಕೆ ಅಂತ ತಗೊಂಡು ಹೋದರು."

ಅರ್ಧಕ್ಕರ್ಧ ವಿಷಯ ಹೇಳಿದವರು ಅವರ ಅಣ್ಣ. ದೊಡ್ಡ ಮಾವ ಹೋದ ಕಾರ್ತೀಕದಲ್ಲಿ ತೀರಿಕೊಂಡರು. ಇನ್ನೊಂದು ಸಲ ಕೇಳಿ ಬರೆದುಕೊಳ್ಳೋಣ ಅಂದರೆ ಯಾರನ್ನು ಕೇಳೋದು? ನಾನು ಒಲೆ ಆರಿಸಿ ಅವರ ಕೋಣೆಗೆ ಹೋದೆ.

ಲ್ಯಾಪ್‌ಟಾಪ್ ಆನ್ ಆಗಲಿಲ್ಲ ಅಂದಕೂಡಲೇ ಲ್ಯಾಪ್‌ಟಾಪನ್ನೇ ಅನುಮಾನಿಸಬಾರದು. ಗೋಡೆಯಿಂದ ಶುರು ಮಾಡಬೇಕು. ಆ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದೆ, ಕರೆಂಟು ಬರುತ್ತಿತ್ತು. ನಿಮ್ಮಲ್ಲಿ ಸ್ಪೈಕ್ ಬಸ್ಟರ್ ಇದ್ದರೆ ಅದರ ಪಕ್ಕದಲ್ಲಿ ಚಿಕ್ಕ ಗುಂಡಿ ಇರಬಹುದು, ಗುಡುಗಿಗೆ ಅದು ಟ್ರಿಪ್ ಆಗಿ ಹೊರಗೆ ಬಂದಿರುತ್ತೆ, ಒತ್ತಿದರೆ ಆಯಿತು. ಆಮೇಲೆ ಅಡಾಪ್ಟರು. ಕಪ್ಪು ಇಟ್ಟಿಗೆ ಥರದ್ದು ಇದೆಯಲ್ಲ, ಅದಕ್ಕೆ ಗೋಡೆ ಕಡೆಯಿಂದ ಬರುವ ವಯರು ಬೇರೆ ತುಂಡು. ಅದು ಇಟ್ಟಿಗೆಯ ಒಳಗೆ ಪೂರ್ತಿ ಕೂತಿರಬೇಕು. ನೋಡೋಕೆ ಕೂತ ಹಾಗೇ ಕಾಣುತ್ತೆ, ಒಳಗೆ ಸಡಿಲ ಆಗಿರುತ್ತೆ. ನಮ್ಮ ನಾದಿನಿ ಮನೆಯಲ್ಲಿ ಒಂದು ಸಲ ಇಷ್ಟೇ ಕಾರಣಕ್ಕೆ ಅಂಗಡಿಯವನನ್ನು ಮನೆಗೆ ಕರೆಸಿ ದುಡ್ಡು ಕೊಟ್ಟಿದ್ದಾರೆ.

ನಮ್ಮ ಅಡಾಪ್ಟರಿನ ದೀಪ ಉರಿಯುತ್ತಿತ್ತು. ಸಮಾಧಾನ ಆಯಿತು. ಅದರ ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಅಡಾಪ್ಟರಿನ ದೀಪ ಪಟ್ ಅಂತ ಆರಿಹೋಯಿತು. ಕಿತ್ತೆ, ಗೋಡೆಯ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ, ಉರಿಯಿತು. ಚುಚ್ಚಿದೆ, ಆರಿತು. ಇದಕ್ಕೆ ಏನೋ ಅರ್ಥ ಇದೆ ಅಂತ ಅನ್ನಿಸಿತು, ಏನಂತ ಹೊಳೆಯಲಿಲ್ಲ. ಮನಸ್ಸಲ್ಲಿ ಇಟ್ಟುಕೊಂಡೆ.

ಮುಂದಿನದು ಎಲ್ಲರೂ ಮೊದಲು ಮಾಡಿ ನೋಡಬೇಕಾದ ಕೆಲಸ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯೋಕೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದು. ಬಿಟ್ಟು, ಬರೀ ಚಾರ್ಜರ್ ಹಾಕಿ, ಮತ್ತೆ ಆನ್ ಮಾಡಿ ನೋಡುವುದು. ಈಗಿನ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಒಳಗೇ ಇರುತ್ತೆ, ಅವಕ್ಕೆ ಚಾರ್ಜರ್ ಕಿತ್ತು ಗುಂಡಿ ಒತ್ತಿ ಹಿಡಿದರೆ ಸಾಕು. ಇದು ಮಂತ್ರ ಅಲ್ಲ. ಗುಂಡಿ ಒತ್ತಿದ್ದನ್ನು ಕೇಳಿಸಿಕೊಂಡು ಉಳಿದವರನ್ನೆಲ್ಲ ಎಬ್ಬಿಸುವ ಒಂದು ಪುಟ್ಟ ಚಿಪ್ಪು ಒಳಗೆ ಯಾವಾಗಲೂ ಅರೆನಿದ್ದೆಯಲ್ಲಿರುತ್ತೆ. ಕರೆಂಟು ಏರುಪೇರಾದಾಗ ಅದೇ ಮಂಕಾಗಿ ಕೂತುಬಿಡುತ್ತೆ. ಉಳಿದಿರುವ ಚೂರುಪಾರು ಕರೆಂಟನ್ನೂ ಖಾಲಿ ಮಾಡಿದರೆ ಅದು ಹೊಸದಾಗಿ ಏಳುತ್ತೆ. ಡಿಶ್ಶಿನ ಬಾಕ್ಸು ಹ್ಯಾಂಗಾದರೆ ಪಿನ್ ಕಿತ್ತು ಹಾಕ್ತೀವಲ್ಲ, ಹಾಗೇ. ನನ್ನ ಮಗಳ ಲ್ಯಾಪ್‌ಟಾಪನ್ನು ಇದೇ ಉಪಾಯದಿಂದ ಎರಡು ಸಲ ಎಬ್ಬಿಸಿದ್ದೀನಿ.

ಮಾವನವರದ್ದು ಏಳಲಿಲ್ಲ.

ಇಲ್ಲಿ ಒಂದು ನಿಮಿಷ ನಿಂತು ನಿಮ್ಮ ಮನೆಯ ಕತೆ ನನ್ನದಕ್ಕಿಂತ ಬೇರೆ ಇರಬಹುದು ಅಂತ ಹೇಳಿಬಿಡುತ್ತೇನೆ. "ಆನ್ ಆಗ್ತಿಲ್ಲ" ಅಂತ ಜನ ಹೇಳುವ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ನಿಜವಾಗಿ ಆನ್ ಆಗಿರುತ್ತವೆ, ಪರದೆ ಮಾತ್ರ ಕಪ್ಪಗಿರುತ್ತೆ. ಕಿವಿ ಹತ್ತಿರ ಇಟ್ಟು ಫ್ಯಾನಿನ ಸದ್ದು ಕೇಳಿ. ಕ್ಯಾಪ್ಸ್‌ಲಾಕ್ ಒತ್ತಿ ಅದರ ದೀಪ ಹತ್ತಿ ಆರುತ್ತಾ ನೋಡಿ. ಹತ್ತಿದರೆ ಯಂತ್ರಕ್ಕೆ ಜೀವ ಇದೆ. ಕೋಣೆ ಕತ್ತಲೆ ಮಾಡಿ ಮೊಬೈಲ್ ಟಾರ್ಚನ್ನು ಪರದೆ ಮೇಲೆ ಓರೆಯಾಗಿ ಬಿಡಿ. ಮಸುಕಾಗಿ ಅಕ್ಷರ ಕಂಡರೆ ಹೋಗಿರುವುದು ಪರದೆಯ ಹಿಂದಿನ ಬೆಳಕು ಅಷ್ಟೆ. ಎಚ್‌ಡಿಎಂಐ ವಯರಿನಿಂದ ಮನೆಯ ಟಿವಿಗೆ ಜೋಡಿಸಿದರೆ ಅಲ್ಲಿ ಚಿತ್ರ ಬರಲೂಬಹುದು. ಇನ್ನು ದೀಪ ಲೆಕ್ಕ ಹಾಕಿದ ಹಾಗೆ ಮಿಣುಕುತ್ತಿದ್ದರೆ, ಅಥವಾ ಬೀಪ್ ಬೀಪ್ ಅಂತಿದ್ದರೆ, ಅದು ಸುಮ್ಮನೆ ಅಲ್ಲ. ಎಷ್ಟು ಸಲ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಒಂದೊಂದು ಎಣಿಕೆಗೆ ಒಂದೊಂದು ಕಾಯಿಲೆ, ಕಂಪನಿಯವರ ಪಟ್ಟಿಯಲ್ಲಿ ಇರುತ್ತೆ. ಬಹಳ ಸಲ ರ‍್ಯಾಮ್ ಪಟ್ಟಿ ಜಾಗದಿಂದ ಒಂಚೂರು ಅಲುಗಿರುತ್ತೆ, ತೆಗೆದು ಸರಿಯಾಗಿ ಕೂರಿಸಿದರೆ ಹೋಗುತ್ತೆ. ಮತ್ತೆ, ತಿಂಗಳುಗಟ್ಟಲೆ ಬೀರುವಿನಲ್ಲಿ ಇಟ್ಟಿದ್ದಾದರೆ ಚಾರ್ಜಿಗೆ ಹಾಕಿದ ತಕ್ಷಣ ಎದ್ದೇಳು ಅಂದರೆ ಏಳಲ್ಲ. ಅರ್ಧ ಗಂಟೆ ಬಿಡಿ.

ನಮ್ಮ ಮನೆಯಲ್ಲಿ ಫ್ಯಾನಿಲ್ಲ, ದೀಪ ಇಲ್ಲ, ಏನೂ ಇಲ್ಲ. ಬರೀ ಕಲ್ಲು.

ಇನ್ನೊಂದು ಚಾರ್ಜರ್ ಹಾಕಿ ನೋಡೋಣ ಅಂತ ಪಕ್ಕದ ಮನೆ ಎಂಜಿನಿಯರಿಂಗ್ ಹುಡುಗನ ಹತ್ತಿರ ಹೋದೆ. ಹೋಗುವಾಗ ನಮ್ಮ ಅಡಾಪ್ಟರನ್ನೂ ಕೈಯಲ್ಲಿ ಹಿಡಿದುಕೊಂಡು ಹೋದೆ. ಪಿನ್ ಒಳಗೆ ಹೋಗುತ್ತೆ ಅಂತ ಯಾವುದೋ ಚಾರ್ಜರ್ ಚುಚ್ಚೋದು ತಪ್ಪು. ಹಿಂದಿನ ಚೀಟಿ ಓದಬೇಕು. ನಮ್ಮದರಲ್ಲಿ 19.5 ವೋಲ್ಟ್, 3.33 ಆಂಪಿಯರ್ ಅಂತ ಇತ್ತು. ಎರಡನ್ನೂ ಗುಣಿಸಿದರೆ ಸುಮಾರು 65 ವ್ಯಾಟ್. ವೋಲ್ಟ್ ಅದೇ ಇರಬೇಕು. ಆಂಪಿಯರ್ ಜಾಸ್ತಿ ಇದ್ದರೆ ನಡೆಯುತ್ತೆ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತೆ. ಕಡಿಮೆ ಇದ್ದರೆ ಆಗಲ್ಲ. ಈಗಿನ ಟೈಪ್ ಸಿ ತೂತಿನವರಿಗೂ ಒಂದು ಮಾತು: ಮೊಬೈಲಿನ 18, 20 ವ್ಯಾಟಿನ ಚಾರ್ಜರ್ ಹಾಕಿ "ಆನೇ ಆಗ್ತಿಲ್ಲ" ಅಂತ ಅಳಬೇಡಿ. ಆನೆಗೆ ಲೋಟದಲ್ಲಿ ನೀರು ಕುಡಿಸಿದ ಹಾಗೆ ಅದು.

ಹುಡುಗನ ಚಾರ್ಜರ್ ಸರಿಯಾಗಿ ಹೊಂದಿತು. ಮನೆಗೆ ತಂದು ಹಾಕಿದೆ. ಅದರ ದೀಪವೂ ಪಟ್ ಅಂತ ಆರಿತು. ಬ್ಯಾಟರಿ ತೆಗೆದು ಹಾಕಿದೆ. ಆರಿತು.

ಆಗ ಹೊಳೆಯಿತು ನೋಡಿ. ಒಳಗೆ ಎಲ್ಲೋ ಶಾರ್ಟ್ ಆದಾಗ ಒಳ್ಳೆಯ ಅಡಾಪ್ಟರು ತಾನೇ ಬಾಯಿ ಮುಚ್ಚಿಕೊಳ್ಳುತ್ತೆ, ಮನೆಯ ಎಂಸಿಬಿ ಬಿದ್ದ ಹಾಗೆ. ಎರಡು ಚಾರ್ಜರ್ ಒಂದೇ ಮಾತು ಹೇಳುತ್ತಿವೆ, ಬ್ಯಾಟರಿ ಇದ್ದರೂ ಅದೇ, ಇಲ್ಲದಿದ್ದರೂ ಅದೇ. ಅಂದಮೇಲೆ ತೊಂದರೆ ಇರೋದು ಲ್ಯಾಪ್‌ಟಾಪಿನ ಒಳಗೆ, ಬೋರ್ಡಿನಲ್ಲಿ. ಅದು ನನ್ನ ಸ್ಕ್ರೂಡ್ರೈವರಿಗೆ ಎಟುಕುವ ಕೆಲಸ ಅಲ್ಲ.

ಮಾವನನ್ನು ಕರೆದುಕೊಂಡು ಪೇಟೆಯ ಒಂದು ಅಂಗಡಿಗೆ ಹೋದೆ. ಯಾವುದು ಅಂತ ಬರೆಯಲ್ಲ. ಅವನು ಚಾರ್ಜರ್ ಚುಚ್ಚಿದ, ಗುಂಡಿ ಒತ್ತಿದ, ಲ್ಯಾಪ್‌ಟಾಪ್ ಮುಚ್ಚಿದ. ಬಿಚ್ಚಲೇ ಇಲ್ಲ. "ಮದರ್‌ಬೋರ್ಡ್ ಹೋಗಿದೆ ಮೇಡಂ. ಇಷ್ಟು ಹಳೇದಕ್ಕೆ ಬೋರ್ಡ್ ಸಿಗಲ್ಲ. ಹೊಸದು ತಗೊಳ್ಳಿ, ಇದನ್ನ ಇಟ್ಕೊಂಡು ಸಾವಿರ ರೂಪಾಯಿ ಬಿಡ್ತೀನಿ."

ಮಾವ ನನ್ನ ಮುಖ ನೋಡಿದರು. "ಹೋಗ್ಲಿ ಬಿಡು ಮಗಾ. ಊರೇ ಮುಳುಗಿದೆ, ಇನ್ನು ಇದೇನು" ಅಂದರು. ಹಗುರವಾಗಿ ಹೇಳೋಕೆ ನೋಡಿದರು. ಆಗಲಿಲ್ಲ.

ನನಗೆ ಸಿಟ್ಟು ಬಂದಿದ್ದು ಅವನ ಮೇಲೆ ಮಾತ್ರ ಅಲ್ಲ, ನನ್ನ ಮೇಲೂ. ಬೆಳಿಗ್ಗೆಯಿಂದ ನಾನು ಲ್ಯಾಪ್‌ಟಾಪನ್ನು ಎಬ್ಬಿಸೋಕೆ ಒದ್ದಾಡುತ್ತಿದ್ದೀನಿ. ಆದರೆ ನಮಗೆ ಬೇಕಾಗಿದ್ದು ಲ್ಯಾಪ್‌ಟಾಪ್ ಅಲ್ಲವಲ್ಲ! ಒಲೆ ಕೆಟ್ಟರೆ ಡಬ್ಬಿಯಲ್ಲಿರುವ ಅಕ್ಕಿ ಹಾಳಾಗುತ್ತಾ? ಬರೆದದ್ದೆಲ್ಲ ಇರುವುದು ಹಾರ್ಡ್‌ಡಿಸ್ಕಿನಲ್ಲಿ, ಅದು ಬೇರೆಯೇ ಒಂದು ಡಬ್ಬಿ. ಬೋರ್ಡ್ ಸತ್ತರೂ ಅದು ಬದುಕಿರಬಹುದು. ಸಾವಿರ ರೂಪಾಯಿಗೆ ಅದನ್ನೂ ಸೇರಿಸಿ ಅಲ್ಲೇ ಕೊಟ್ಟು ಬರುತ್ತಿದ್ದೆವು. ಲ್ಯಾಪ್‌ಟಾಪ್ ವಾಪಸ್ ಚೀಲಕ್ಕೆ ಹಾಕಿಕೊಂಡೆ.

ಮಾವನವರದ್ದು ಹಳೇ ಮಾದರಿ. ಬ್ಯಾಟರಿ ತೆಗೆದಿಟ್ಟು ತಿರುವಿ ಹಾಕಿದರೆ ತಳದಲ್ಲಿ ಒಂದು ಚಿಕ್ಕ ಮುಚ್ಚಳ, ಎರಡು ಸ್ಕ್ರೂ. ಒಳಗೆ ಅಂಗೈಯಗಲದ ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್. ಮುಟ್ಟುವ ಮುಂಚೆ ಕಿಟಕಿಯ ಕಬ್ಬಿಣ ಒಮ್ಮೆ ಮುಟ್ಟಿದೆ, ಮೈಯಲ್ಲಿರುವ ಸ್ಥಿರವಿದ್ಯುತ್ತು ಹೋಗಲಿ ಅಂತ. ನಿಧಾನಕ್ಕೆ ಪಕ್ಕಕ್ಕೆ ಎಳೆದರೆ ಬಂತು. ವಾರಂಟಿ ಇರುವ ಲ್ಯಾಪ್‌ಟಾಪಾದರೆ ಈ ಸಾಹಸ ಬೇಡ, ನಮ್ಮದಕ್ಕೆ ವಾರಂಟಿ ಮುಗಿದು ಎಷ್ಟು ವರ್ಷವಾಯಿತೋ. ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ವಯರು ಅಂತ ಸಿಗುತ್ತೆ, ನನಗೆ ನಾನೂರು ರೂಪಾಯಿ ಆಯಿತು. ಒಂದು ತುದಿ ಡಿಸ್ಕಿಗೆ, ಇನ್ನೊಂದು ಮಗಳ ಲ್ಯಾಪ್‌ಟಾಪಿಗೆ.

ಡಿಸ್ಕನ್ನು ಕೈಯಲ್ಲಿ ಹಿಡಿದಿದ್ದೆ. ಒಳಗೆ ಏನೋ ಸುತ್ತೋಕೆ ಶುರುವಾಗಿದ್ದು ಬೆರಳಿಗೆ ಗೊತ್ತಾಯಿತು. ಟಕ್ ಟಕ್ ಅಂತ ಬಡಿದುಕೊಳ್ಳುವ ಸದ್ದು ಬಂದರೆ ತಕ್ಷಣ ಕಿತ್ತುಬಿಡಬೇಕು, ಆ ಸ್ಥಿತಿಯಲ್ಲಿ ಹತ್ತು ಸಲ ಪ್ರಯತ್ನಿಸಿದರೆ ಇದ್ದದ್ದೂ ಉಜ್ಜಿಹೋಗುತ್ತೆ. ಬರಲಿಲ್ಲ. ಮೆತ್ತಗೆ ತಿರುಗುತ್ತಿತ್ತು. ಪರದೆ ಮೇಲೆ ಹೊಸದಾಗಿ ಮೂರು ಡ್ರೈವ್ ಬಂದವು. ಒಂದಕ್ಕೆ "ಫಾರ್ಮ್ಯಾಟ್ ಮಾಡಬೇಕಾ" ಅಂತ ವಿಂಡೋಸ್ ಕೇಳಿತು. ಅಪ್ಪಿತಪ್ಪಿಯೂ ಹೂಂ ಅನ್ನಬೇಡಿ. ಇನ್ನೊಂದರಲ್ಲಿ ಮಾವನ ಹೆಸರಿನ ಫೋಲ್ಡರ್ ಒತ್ತಿದರೆ "ನಿಮಗೆ ಅನುಮತಿ ಇಲ್ಲ" ಅಂತು. ಅದಕ್ಕೆ ಹೆದರಬೇಕಿಲ್ಲ, ಬೇರೆ ಯಂತ್ರದ ಬಳಕೆದಾರರ ಫೋಲ್ಡರ್ ಅಂತ ಹಾಗೆ ಕೇಳುತ್ತೆ, ಮುಂದುವರಿಸು ಅಂತ ಒತ್ತಿ ಸ್ವಲ್ಪ ಹೊತ್ತು ಕಾದರೆ ತೆರೆಯುತ್ತೆ.

ತೆರೆಯಿತು. "ನಮ್ಮೂರು" ಅಂತ ಒಂದು, "ನಮ್ಮೂರು ಹೊಸದು" ಅಂತ ಒಂದು, "ನಮ್ಮೂರು ಇದೇ ಸರಿಯಾದ್ದು" ಅಂತ ಒಂದು. ಮೇಷ್ಟ್ರ ಬುದ್ಧಿ! ತೆರೆದು ನೋಡುವ ಆಸೆ ತಡೆದುಕೊಂಡು ಮೊದಲು ಎಲ್ಲವನ್ನೂ ಮಗಳ ಲ್ಯಾಪ್‌ಟಾಪಿಗೆ ಕಾಪಿ ಮಾಡಿದೆ. ಆಮೇಲೆ ಡಿಸ್ಕ್ ಬಿಚ್ಚಿಟ್ಟು, ಮಾವನನ್ನು ಕೂರಿಸಿಕೊಂಡು, ಫೈಲು ತೆರೆದೆ.

ಪರದೆ ತುಂಬ ಕಸ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕೆ, ಬ್ರಾಕೆಟ್ಟು, ಏನೇನೋ ಚಿಹ್ನೆ. ಒಂದು ಕನ್ನಡ ಅಕ್ಷರ ಇಲ್ಲ. ಎರಡನೇ ಪುಟ, ಹತ್ತನೇ ಪುಟ, ನೂರನೇ ಪುಟ, ಅದೇ.

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಏನೂ ಅನ್ನಲಿಲ್ಲ. ನನಗೂ ಗಂಟಲು ಕಟ್ಟಿತು. ಡಿಸ್ಕ್ ಹಾಳಾಗಿದೆ ಅಂತಲೇ ತಿಳಿದೆ.

ಮಗಳು ಬೆಂಗಳೂರಿನಿಂದ ರಜಕ್ಕೆ ಬಂದಿದ್ದಳು, ಬಾಗಿಲ ಹತ್ತಿರ ಬಾಳೆಹಣ್ಣು ತಿನ್ನುತ್ತ ನಿಂತಿದ್ದವಳು ಬಗ್ಗಿ ನೋಡಿ, "ಅಮ್ಮಾ, ಅಜ್ಜ ಟೈಪ್ ಮಾಡೋದು ನುಡಿಯಲ್ಲಿ ಅಲ್ವಾ? ನನ್ನದರಲ್ಲಿ ನುಡಿ ಎಲ್ಲಿದೆ?" ಅಂದಳು.

ಅಷ್ಟೇ! ನುಡಿ, ಬರಹ ಇವುಗಳ ಹಳೇ ಫಾಂಟುಗಳಲ್ಲಿ ಬರೆದದ್ದನ್ನು ಕಂಪ್ಯೂಟರ್ ಒಳಗೊಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಇಟ್ಟುಕೊಂಡಿರುತ್ತೆ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಬರುವುದು ಇದೇ ಕಸ. ಯುನಿಕೋಡಿನಲ್ಲಿ ಬರೆದಿದ್ದರೆ ಈ ರಗಳೆ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತ, ಮಗಳು ಇಳಿಸಿಕೊಂಡು ಹಾಕಿದಳು. ಫೈಲು ಮುಚ್ಚಿ ಮತ್ತೆ ತೆರೆದಳು.

ಬಂತು. ಊರಿನ ಕೊನೆಯ ದೀಪಾವಳಿಯ ಅಧ್ಯಾಯ ಮೇಲೆ ಇತ್ತು. ಗೋಪೂಜೆ ಆದಮೇಲೆ ಈ ಕೊಟ್ಟಿಗೆ ಮುಂದಿನ ವರ್ಷ ಇರುವುದಿಲ್ಲ ಅಂತ ಗೊತ್ತಿದ್ದೂ ಅಜ್ಜಿ ಕೊಟ್ಟಿಗೆಯ ಗೋಡೆಗೆ ಸುಣ್ಣ ಬಳಿಸಿದ್ದು, ಅದನ್ನು ದೊಡ್ಡ ಮಾವ ಹೇಳಿದ ಮಾತಿನಲ್ಲೇ ಬರೆದಿದ್ದರು. ಮಾವ ಕನ್ನಡಕ ಹಾಕಿಕೊಂಡು ನಾಲ್ಕು ಪುಟ ಓದಿದರು. ಓದಿ, "ಇಲ್ಲಿ ಒಂದು ಒತ್ತಕ್ಷರ ತಪ್ಪಿದೆ" ಅಂದರು.

ಲ್ಯಾಪ್‌ಟಾಪಿನ ಕತೆಯನ್ನೂ ಮುಗಿಸಿಬಿಡುತ್ತೇನೆ. ಡಿಸ್ಕ್ ಮನೆಯಲ್ಲೇ ಇಟ್ಟು, ಖಾಲಿ ಯಂತ್ರ ಮಾತ್ರ ಶಿವಮೊಗ್ಗದಲ್ಲಿ ಬೋರ್ಡ್ ಮಟ್ಟದ ರಿಪೇರಿ ಮಾಡುವ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಬೋರ್ಡ್ ರಿಪೇರಿ ಮಾಡುವವರು ಬೇರೆ, ಬೋರ್ಡ್ ಬದಲಿಸುವವರು ಬೇರೆ. ಮೈಕ್ರೋಸ್ಕೋಪು, ಮಲ್ಟಿಮೀಟರು ಮೇಜಿನ ಮೇಲೆ ಕಂಡರೆ ಸರಿಯಾದ ಜಾಗ ಅಂತ ತಿಳಿಯಬಹುದು. ಅವರು ಚಾರ್ಜರಿನ ಕರೆಂಟು ಒಳಗೆ ಬರುವ ದಾರಿಯ ಮೇಲೆ ಮೀಟರಿನ ಎರಡು ಕಡ್ಡಿ ಇಟ್ಟರು. ಬೀಪ್ ಅಂತು. "ಇಲ್ಲಿ ಬೀಪ್ ಬರಬಾರದು ಅಕ್ಕಾ" ಅಂದರು. ಒಂದು ಕೆಪ್ಯಾಸಿಟರ್ ಶಾರ್ಟ್ ಆಗಿತ್ತು. ಕಿತ್ತು ಬಿಳಿ ಕಾಗದದ ಮೇಲೆ ಇಟ್ಟು ತೋರಿಸಿದರು. ಎಳ್ಳಿನ ಕಾಳಿಗಿಂತ ದೊಡ್ಡದಿಲ್ಲ. ಇದಕ್ಕೆ ನಾವು ಇಡೀ ಬೋರ್ಡ್ ಎಸೆಯಬೇಕಿತ್ತಂತೆ! ಗುಡುಗಿಗೆ ಆಯಿತಾ ಅಂತ ಕೇಳಿದೆ. "ಗುಡುಗಿಗೂ ಆಗಿರಬಹುದು, ವಯಸ್ಸಿಗೂ ಆಗಿರಬಹುದು" ಅಂದರು. ಪ್ರಾಮಾಣಿಕ ಉತ್ತರ. 1200 ರೂಪಾಯಿ ತಗೊಂಡರು, ಹಳೇ ಬಿಡಿಭಾಗ ಕೇಳದೇ ವಾಪಸ್ ಕೊಟ್ಟರು. ಆ ಎಳ್ಳುಕಾಳು ಈಗ ಮಾವನ ಮೇಜಿನ ಖಾನೆಯಲ್ಲಿದೆ.

ಹೊಸ ಲ್ಯಾಪ್‌ಟಾಪಿನವರು ನಾನು ಮಾಡಿದ ಹಾಗೆ ಡಿಸ್ಕ್ ಕಿತ್ತರೆ ಇಷ್ಟು ಸಲೀಸಲ್ಲ. ಬಹುತೇಕ ಹೊಸದರಲ್ಲಿ ಇರುವುದು ಚ್ಯೂಯಿಂಗ್ ಗಮ್ಮಿನಂಥ ಎಸ್‌ಎಸ್‌ಡಿ, ಅದಕ್ಕೆ ಬೇರೆ ಥರದ ಪೆಟ್ಟಿಗೆ ಬೇಕು. ಕೆಲವದರಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ತೆಗೆಯೋಕೇ ಆಗಲ್ಲ. ಅದಕ್ಕಿಂತ ಮುಖ್ಯ, ವಿಂಡೋಸ್ 11ರ ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ನಮಗೆ ಗೊತ್ತಿಲ್ಲದ ಹಾಗೆ ಬೀಗ ಬಿದ್ದಿರುತ್ತೆ. ಬಿಟ್‌ಲಾಕರ್ ಅಂತ. ಬೇರೆ ಯಂತ್ರಕ್ಕೆ ಜೋಡಿಸಿದರೆ 48 ಅಂಕಿಯ ಕೀಲಿ ಕೇಳುತ್ತೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತೆ. ಲ್ಯಾಪ್‌ಟಾಪ್ ಚೆನ್ನಾಗಿರುವ ಈವತ್ತೇ ಒಳಗೆ ಹೋಗಿ ನೋಡಿ, ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿ ಇಡಿ. ಇಲ್ಲದಿದ್ದರೆ ಡಬ್ಬಿ ನಿಮ್ಮದೇ, ಅಕ್ಕಿ ನಿಮ್ಮದಲ್ಲ.

ಮತ್ತೆ ಎರಡು ಸಂದರ್ಭದಲ್ಲಿ ಮೇಲೆ ಹೇಳಿದ್ದು ಯಾವುದನ್ನೂ ಮಾಡಬೇಡಿ. ಕೀಬೋರ್ಡಿನ ಮಧ್ಯ ಉಬ್ಬಿಕೊಂಡಿದ್ದರೆ, ತಳ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ, ಬ್ಯಾಟರಿ ಊದಿದೆ. ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಲಂತೂ ಬಾರದು, ಬೆಂಕಿ ಹತ್ತುತ್ತೆ. ನೀರೋ ಕಾಫಿಯೋ ಚೆಲ್ಲಿದ್ದರೆ ಚಾರ್ಜರ್ ಕಿತ್ತು ಗುಂಡಿ ಒತ್ತಿ ಹಿಡಿದು ಆರಿಸಿ, ಮಗುಚಿ ಹಾಕಿ, ರಿಪೇರಿಯವರ ಹತ್ತಿರ ಓಡಿ. "ಆನ್ ಆಗುತ್ತಾ ನೋಡೋಣ" ಅಂತ ನಡುನಡುವೆ ಒತ್ತುವವರೇ ಅದನ್ನು ಕೊಲ್ಲುವುದು. ಅಕ್ಕಿ ಡಬ್ಬದಲ್ಲಿ ಹುಗಿಯೋದೂ ಬೇಡ, ಹಿಟ್ಟು, ದೂಳು ಒಳಗೆ ಹೋಗುತ್ತೆ ಅಷ್ಟೆ.

ಮಾವನವರ ಲ್ಯಾಪ್‌ಟಾಪ್ ಈಗ ನಡೆಯುತ್ತಿದೆ. ಗುಡುಗಿದರೆ ಅವರೇ ಎದ್ದು ಹೋಗಿ ಪಿನ್ ಕೀಳುತ್ತಾರೆ, ಟಿವಿದೂ ಸೇರಿಸಿ. 140 ಪುಟ ಈಗ 152 ಆಗಿದೆ. ಒಂದು ಕಾಪಿ ಮಗಳ ಹತ್ತಿರ ಬೆಂಗಳೂರಿನಲ್ಲಿದೆ, ಒಂದು ಮೇಲಿನಲ್ಲಿದೆ. ಇನ್ನೊಂದು ಹೊಸ ಪೆನ್‌ಡ್ರೈವಿನಲ್ಲಿದೆ. ಅದಕ್ಕೆ ಮಾವ ಬಿಳಿ ಪ್ಲಾಸ್ಟರ್ ಸುತ್ತಿ, ನಡುಗುವ ಕೈಯಲ್ಲೇ ಕೆಂಪು ಪೆನ್ನಿನಿಂದ ಬರೆದಿದ್ದಾರೆ: "ಹಾಡು ಹಾಕಬಾರದು."